ಸೋಮವಾರ ಮಾತ್ರ

ಸೇಟು ಚಂಪಾಲಾಲರಿಗೆ ಹರ್ನಿಯಾ ಆಗಿ
ಪೇಂಟು ಕಂಪನಿಯ ಪುಕ್ಕಟೆ ಬ್ಯಾಂಕಾಕು
ನನ್ನ ಪಾಲಿಗೆ ಬಂತು. ಮೂರು ರಾತ್ರಿ, ನಾಲ್ಕು ಹಗಲು.
ಬಸ್ಸಿನ ತುಂಬ ಡೀಲರುಗಳು, ಡಬ್ಬಿ ತುಂಬ ಥೇಪ್ಲಾ.
ಒಂದು ಸಂಜೆ ಒಬ್ಬನೇ ಇಳಿದು ಹೋದೆ ಕಾಲುವೆ ಬದಿಗೆ.
ತಳ್ಳುಗಾಡಿಯ ಹೆಂಗಸು ಏನೋ ಕೇಳಿದಳು, ತಲೆಯಾಡಿಸಿದೆ.
ಬಟ್ಟಲು ಕೊಟ್ಟಳು. ನಲವತ್ತು ಬಾಟು.

ಹೆಸರು ಗೊತ್ತಿಲ್ಲ. ಬಣ್ಣ ಗೊತ್ತು:
ಶೇಡ್ ಕಾರ್ಡಿನ ಹನ್ನೊಂದನೇ ಪುಟ, ಮೇಲಿಂದ ಮೂರನೇ ಚೌಕ,
ಇಟ್ಟಿಗೆಗೂ ಕಿತ್ತಳೆಗೂ ಜಗಳ ಹತ್ತಿದ ಹಾಗೆ.
ಹುಳಿ ಮೊದಲು, ಆಮೇಲೆ ಖಾರ,
ಆಮೇಲೆ ಮೂಗಿನ ಹಿಂದೆಲ್ಲೋ ಒಂದು ಬಾಗಿಲು ತೆರೆದು
ಯಾರೋ ಒಳಗೆ ಬಂದು ಕೂತ ಹಾಗೆ.

ಕಾಮಾಕ್ಷಿಪಾಳ್ಯಕ್ಕೆ ಮರಳಿ ಎರಡು ವರ್ಷ ಹುಡುಕಿದೆ.
ಇಂದಿರಾನಗರದ ನೂರಡಿ ರಸ್ತೆಯಲ್ಲಿ
ಬಾಗಿಲಾಚೆ ವ್ಯಾಸಪೀಠದಂಥ ಸ್ಟ್ಯಾಂಡು, ಮೇಲೆ ಮೆನು,
ಪಾರಾಯಣಕ್ಕೆ ತೆರೆದಿಟ್ಟ ಹಾಗೆ.
ಬೆರಳಿಟ್ಟು ಓದಿದೆ. ಆರುನೂರ ಎಪ್ಪತ್ತೈದು, ತೆರಿಗೆ ಬೇರೆ.
ಕಾವಲಿನ ಹುಡುಗ ನನ್ನ ಚಪ್ಪಲಿ ನೋಡಲಿಲ್ಲ,
ಪಾಪ, ತನ್ನ ಬೂಟು ನೋಡಿಕೊಂಡ.

ಬೋನಸ್ಸು ಬಂದಾಗ ಒಮ್ಮೆ ಒಳಗೂ ಹೋದೆ.
ಬಣ್ಣ ಸರಿ ಇತ್ತು. ಪ್ರೈಮರ್ ಹೊಡೆದಿರಲಿಲ್ಲ.
ಮಾಲಿನ ಮೂರನೇ ಮಹಡಿಯ ಥಾಯ್ ಕಾಂಬೋ ಕೇಳಲೇಬೇಡಿ,
ನಮ್ಮ ಗೋಬಿ ಮಂಚೂರಿಗೇ
ತೆಂಗಿನ ಹಾಲು ಹೊದಿಸಿ ಮಲಗಿಸಿದ್ದರು.

ಕಡೆಗೆ ಹೇಳಿದ್ದು ಪೇಂಟರ್ ಏಳುಮಲೈ:
ಲಿಂಗರಾಜಪುರ, ಸೇತುವೆ ಇಳಿದು ಎಡಕ್ಕೆ,
ಸ್ಕೂಟರ್ ನಿಲ್ಲಿಸೋ ಶೆಡ್ಡು, ಸೋಮವಾರ ಮಾತ್ರ.
ಇಬೊಮ್ಚಾ. ಮಣಿಪುರದವನು.
ಆರು ದಿನ ದೊಡ್ಡ ಹೋಟೆಲಿನ ಒಲೆಗೆ,
ಏಳನೇ ದಿನ ತನ್ನದಕ್ಕೆ. ಬಟ್ಟಲಿಗೆ ತೊಂಬತ್ತು.
"ಎಲ್ಲ ಇದೆ ಅಣ್ಣ, ಗಲಾಂಗಲ್ ಒಂದಿಲ್ಲ.
ಕಾಲು ಕೇಜಿಗೆ ಇನ್ನೂರು. ಹಾಕಿದ್ರೆ ತೊಂಬತ್ತಕ್ಕೆ ಕೊಡಕ್ಕಾಗಲ್ಲ."
ಫೋನಿನಲ್ಲಿ ಚಿತ್ರ ತೋರಿಸಿದ.
ಶುಂಠಿಯ ದಾಯಾದಿ, ಗಂಟುಗಂಟು, ಮೈತುಂಬ ಉಂಗುರ.
ಇದನ್ನ ಎಲ್ಲೋ ನೋಡಿದೀನಲ್ಲ.

ಅವೆನ್ಯೂ ರಸ್ತೆಯ ಸಂದಿ, ಸಂಪಂಗಿಶೆಟ್ಟರ ಗ್ರಂಧಿಗೆ ಅಂಗಡಿ,
ಹಿಪ್ಪಲಿ, ಅತಿಮಧುರ, ಅಳಲೆಕಾಯಿ ಮೂಟೆಗಳ ಹಿಂದೆ.
"ಇದಾ? ದುಂಪರಾಸ್ಮೆ. ಕೆಮ್ಮಾ?"
"ಅಲ್ಲ, ಊಟಕ್ಕೆ."
ಕನ್ನಡಕ ಇಳಿಸಿ ನೋಡಿದರು. ನೂರು ಗ್ರಾಂ ಮೂವತ್ತೈದು.
ಬೇರು ಅದೇ,
ನೂರಡಿ ರಸ್ತೆಯಲ್ಲಿ ಹೆಸರಿಗೂ ಬಾಡಿಗೆ ಜಾಸ್ತಿ.
ಲೆಮನ್‌ಗ್ರಾಸ್ ಅಂತಲೂ ಕೇಳಬೇಡಿ. ಮಜ್ಜಿಗೆ ಹುಲ್ಲು ಅನ್ನಿ,
ಯಶವಂತಪುರದಲ್ಲಿ ಸೊಪ್ಪಿನ ಮುನಿತಾಯಮ್ಮ
ಕಟ್ಟಿಗೆ ಹತ್ತು ಇಸ್ಕೊಂಡು
ಎರಡು ಗರಿ ಕೊಸರಿಗೆ ಹಾಕ್ತಾಳೆ.

ಒಣಗಿದ ಬೇರು ಜಜ್ಜಿ ಕುದಿಸಿದ, ಕಾಲು ಗಂಟೆ.
ಕುಡಿದೆ.
ಇಲ್ಲಿ ಅಜ್ಜಿಯ ಕಷಾಯ ನೆನಪಾಯಿತು ಎಂದರೆ ಸುಳ್ಳು,
ನಮ್ಮಜ್ಜಿ ಕೆಮ್ಮಿಗೆ ಕೊಡುತ್ತಿದ್ದದ್ದು
ಮೆಡಿಕಲ್ ಶಾಪಿನ ಕೆಂಪು ಸಿರಪ್ಪು.
ಕಾಲುವೆಯೂ ನೆನಪಾಗಲಿಲ್ಲ.
ಮೂಗಿನ ಹಿಂದಿನ ಆ ಬಾಗಿಲು ಕಿರ್ ಎಂದಿತು,
ಪೂರ್ತಿ ತೆರೆಯಲಿಲ್ಲ.
"ಹೇಗಿದೆ?" ಎಂದ.
"ಎರಡನೇ ಕೋಟ್ ಬೇಕು" ಎಂದೆ.
ನಗದೆ ಇನ್ನೊಂದು ಸೌಟು ಹಾಕಿದ.

ಕಾಲು ಡಬ್ಬಿ ಹಸಿರು ಉಳಿದಿತ್ತು, ಬೋರ್ಡು ಬರೆದುಕೊಟ್ಟೆ:
ಥಾಯ್ ಊಟ. ಸೋಮವಾರ ಮಾತ್ರ. ತೊಂಬತ್ತು.
ತೊಂಬತ್ತನ್ನು ಸೀಮೆಸುಣ್ಣದಲ್ಲಿ ಬರಿ ಎಂದ,
ಗ್ಯಾಸಿನ ರೇಟು ನಾಳೆ ಏನೋ.
ಅಳಿಸಿ ಬರೆದೆ. ಕೆಳಗೆ ನಾನೇ ಸೇರಿಸಿದೆ, ಸಣ್ಣಕ್ಷರದಲ್ಲಿ:
ಬಣ್ಣ ಹಸಿ ಇದೆ, ಮುಟ್ಟಬೇಡಿ.