ಮೂಕಿ ಭಾರ

ದೋಣಿ ತಯಾರಾತು. ಇನ್ನ ಅದನ್ನ
ಎಳಿಯೂದು ಯಾವುದು ಅನ್ನೂದ ಉಳದಿತ್ತು.

ಹದಿನಾರು ಫೂಟು ಉದ್ದ, ಹೆಸರು ಗೀಜಗ,
ಪ್ಲೈವುಡ್ಡಿನ ಹಾಳಿ ತಾಮ್ರದ ತಂತೀಲೆ ಹೊಲದು
ಕೇಶ್ವಾಪುರದ ಹಿತ್ತಲದಾಗ ಮೂರು ವರ್ಷ ಕಟ್ಟಿದ್ದು.
ಹಾಯಿ ಹೊಲದಾಕಿ ನೀಲಗಂಗಾ,
ತನ್ನ ಪದರಿನ ಮಷೀನಿನ ಮ್ಯಾಲ, ಎರಡು ಸೂಜಿ ಮುರದು.
ಇದಕ್ಕ ಮೋಟಾರು ಬ್ಯಾಡ, ಗಾಳಿ ಸಾಕು.
ಗಾಳಿ ನಮ್ಮಲ್ಲೇನ ಕಮ್ಮಿ?
ಒಣಹಾಕಿದ ಧೋತರ ಮೂರನೇ ಮನಿಗೆ ಒಗೀತೈತಿ.
ನೀರು ಮಾತ್ರ ಕಾರವಾರದಾಗ,
ನಡುವ ಅರಬೈಲ್ ಘಟ್ಟ.

ಮೂವತ್ನಾಕು ವರ್ಷ ರೈಲ್ವೆ ವರ್ಕ್‌ಶಾಪಿನಾಗ
ಕಪ್ಲಿಂಗ್ ಬಿಗದಾಂವ ನಾನು.
ಒಂದು ಡಬ್ಬಿ ಇನ್ನೊಂದರ ಕೈ ಹೆಂಗ ಹಿಡೀತೈತಿ
ನನಗ ಯಾರೂ ಹೇಳಬೇಕಾಗಿಲ್ಲ ಅಂದ್ಕೊಂಡಿದ್ದೆ.
ರಸ್ತಾಕ್ಕ ಹಳಿ ಇರೂದಿಲ್ಲ
ಅನ್ನೂದ ಮರತಿದ್ದೆ.

ಅಳಿಯ ತನ್ನ ಹೊಸಾ ಕಾರು ತಂದು ನಿಲ್ಲಿಸಿದ:
‘ನೂರಾ ಹದಿನೈದು ಕುದರಿ ಬಲ, ಮಾಮಾ.’
‘ಕುದರಿ ಇರಲಿ, ಎತ್ತು ಎಷ್ಟದಾವು?’ ಅಂದ್ಲು ನೀಲಗಂಗಾ.
ಮುಂದಿನ ಗಾಲೀಲೆ ಎಳಿಯೂ ಗಾಡಿ ಅದು.
ಹಿಂದ ಭಾರ ಬಿದ್ರ ಮುಂದ ಹಗುರ,
ಪಾಚಿ ಹಿಡದ ಇಳಿಜಾರಿನಾಗ
ಗಾಲಿ ತಿರಗತಾವು, ಗಾಡಿ ಏರೂದಿಲ್ಲ.
ಅಂವಾ ಸಿಟ್ಟಾಗಿ ಚಾ ಕುಡೀದ ಹ್ವಾದ.

ಕುಂದಗೋಳದ ಬೀಗರ ಟ್ರ್ಯಾಕ್ಟರು
ಗುಡ್ಡನ ಬೇಕಾದ್ರ ಎಳೀತೈತಿ;
ಯಲ್ಲಾಪುರ ಮುಟ್ಟೂದ್ರಾಗ ಬುತ್ತಿ ಹಳಸತೈತಿ.

ಗಬ್ಬೂರಿನ ಗ್ಯಾರೇಜಿನಾಗ ದಾವಲಸಾಬ ಬಿಸ್ತಿ
ತನ್ನ ಜೀಪು ತಾನ ಬ್ಯಾಡಂದ:
‘ಕೆಸರಿಗೆ ಅಂಜೂದಿಲ್ರಿ ಇದು, ಆದ್ರ ಮೋಟ ಐತಿ, ಹಗುರ ಐತಿ.
ಇಳಕಲದಾಗ ಬಂಡಿನ ಎತ್ತನ್ನ ದೂಡತೈತಿ.
ಎಳಿಯಾಕ ಯಾವುದರ ಎಳೀತೈತಿ, ಸಾಹೇಬ್ರ,
ಸಾಕು ಅಂದಾಗ ನಿಲ್ಲೂದನ್ನ ಹುಡಕ್ರಿ.’

ಆಮ್ಯಾಲ ದೋಣಿಗಾಡಿಯ ಮೂಗು ಹಿಡದು ಎತ್ತಿದ,
ಹುಸ್ ಅಂತ ಎದ್ದು ಬಂತು.
‘ಹಿಂಬಾರ’ ಅಂದ.
ಅವರಪ್ಪ ಹತ್ತಿ ಅಂಡಿಗಿ ಹೇರತಿದ್ದಾಂವ.
ಹಿಂಬಾರ ಆದ್ರ ಮೂಕಿ ಎದ್ದು
ಎತ್ತಿನ ಗಂಟಲಾ ಹಿಡೀತೈತಿ,
ಮುಂಬಾರ ಆದ್ರ ಹೆಗಲು ಹುಣ್ಣು.
ಅಚ್ಚು ನಾಕು ಬಟ್ಟು ಹಿಂದಕ್ಕ ಸರಿಸಿದ.
ದೋಣಿ, ಗಾಡಿ, ಲಂಗರು, ಹಗ್ಗ ಕೂಡಿ ಆರು ಕ್ವಿಂಟಲ್,
ಅದರಾಗ ಹತ್ತನೇ ಪಾಲು ಕೊಂಡಿ ಮ್ಯಾಲ. ಅರವತ್ತು ಕಿಲೋ.
‘ಅಂದ್ರ ನನ್ನಷ್ಟು’ ಅಂದ್ಲು ನೀಲಗಂಗಾ.
ನಾನೂ ದಾವಲಸಾಬನೂ ಪಾನಾ ಹುಡುಕಾಕ ಹತ್ತಿದ್ವಿ.

ಕಡೀಕ ವಿದ್ಯಾನಗರದ ಹರಾಜಿನಾಗ ಸಿಕ್ಕದ್ದು
ಬ್ಯಾಂಕಿನ ರೊಕ್ಕಾ ಹೊರತಿದ್ದ ಹಳೇ ವ್ಯಾನು.
ಬಾಗಲಕ್ಕ ಉಕ್ಕು, ಕಿಡಕಿಗೆ ಜಾಳಗಿ,
ಬಂದೂಕಿನ ನಳಗಿ ಇಡಾಕ ಒಂದು ತೂತು.
ಉದ್ದ ಐತಿ. ಹಿಂದಿನ ಗಾಲಿ ದೂಡತಾವು.
ಬ್ರೇಕ್ ಒತ್ತಿದ್ರ ಮುನಿಸಿನ ಮುದುಕನಂಗ ಕುಂತಬಿಡತೈತಿ.
ಒಳಗ ರೊಕ್ಕಿಲ್ಲ,
ರೊಕ್ಕಾ ಕಾದ ತೂಕ ಇನ್ನೂ ಐತಿ.
ಚೀಲ ಇಡತಿದ್ದ ಪೆಟ್ಟಿಗ್ಯಾಗ
ಹಾಯಿ ಮಡಿಚಿಟ್ಟು ಚಾವಿ ಹಾಕಿದ್ಲು ಆಕಿ,
ಅಭ್ಯಾಸಕ್ಕಂತ.

ಐತವಾರ ಬೆಳಕು ಹರಿಯೂ ಮುಂಚೆ
ತಾರಿಹಾಳದ ಖಾಲಿ ರಸ್ತಾದಾಗ ಹಿಂದಕ್ಕ ನಡಸೂದು ಕಲಿಯಾಕ ಹ್ವಾದ್ವಿ.
ಎಡಕ್ಕ ಹೊರಳಿಸಿದ್ರ ದೋಣಿ ಬಲಕ್ಕ,
ಬಲಕ್ಕ ಹೊರಳಿಸಿದ್ರ ಗಟಾರದ ಕಡೆ.
ನೀಲಗಂಗಾ ಗಾರ್ಡನ ಮಗಳು.
ಅವರಪ್ಪನ ಹಸರು ಬಾವುಟ ಒಂದು ಕೈಯಾಗ,
ಕೆಂಪು ಇನ್ನೊಂದರಾಗ.
ಹನ್ನೊಂದು ಸಲ ಕೆಂಪು.
ಫ್ಯಾಕ್ಟರಿ ವಾಚಮನ್ ಕುರ್ಚಿ ತಂದು ಕುಂತ.

ಹನ್ನೆರಡನೇದ್ದಕ್ಕ ಬಾವುಟ ಕಾಣಲಿಲ್ಲ.
ಕನ್ನಡಿಯಾಗ ನೋಡಿದ್ರ
ಸೀರಿ ನೆರಗಿ ಎತ್ತಿ ಕಟಿಗೊಂಡು ದೋಣಿ ಹತ್ಯಾಳ,
ಹಿಂದಿನ ಪಡಕಿನ್ಯಾಗ, ಚುಕ್ಕಾಣಿ ಹಿಡದು,
ಮಾರಿ ಗಾಳಿಗೆ.
ಕೊಂಡಿ ಕಿರ್ ಅಂತು, ವ್ಯಾನಿನ ಹಿಂಭಾಗ
ಒಂದೀಟು ಎದ್ದಂಗಾತು.

‘ಇಳೀ, ಹಿಂಬಾರ ಆಗತೈತಿ’ ಅಂತ ಒದರಿದೆ.

‘ಹಂಗಾರ ನೀವೂ ಬಂದು
ಮುಂದ ಕುಂಡ್ರಿ.’