ಅರ್ಧ ಕೇಳಿದ ಮಾತು

ಕಿವಿ ಹೋಗುವುದು ಒಂದೇ ಸಲಕ್ಕಲ್ಲವಂತೆ.
ಮೊದಲು ಸಣ್ಣ ದನಿಗಳು, ಆಮೇಲೆ ದಪ್ಪದವು.
ಟೋರ್ಸ್‌ಹಾವ್ನಿನ ಡಾಕ್ಟರಮ್ಮ ಕಾಗದದ ಮೇಲೆ ತೋರಿಸಿದಳು:
ನೆಟ್ಟಗೆ ಬಂದ ಗೆರೆ
ಒಂದು ಕಡೆ ಕಡಿದು ಬಿದ್ದಿತ್ತು, ಥೇಟು ನಮ್ಮ ದ್ವೀಪದ ಬಂಡೆಯ ಹಾಗೆ.
"ದೋಣಿಯ ಇಂಜಿನ್ನು, ಡ್ವಾನ್ಯಲ್. ಮತ್ತೆ ವಯಸ್ಸು."
ಎರಡಕ್ಕೂ ನಾನೇ ಹೊಣೆ ಅನ್ನುವಂತೆ.

ಆ ಬಂಡೆಯಲ್ಲಿ ಮೂವತ್ತೊಂದು ಬೇಸಿಗೆ ತೂಗಿದವನು ನಾನು,
ಸೊಂಟಕ್ಕೆ ಹಗ್ಗ, ಹೆಗಲಿಗೆ ಮೊಟ್ಟೆಯ ಚೀಲ.
ಮೇಲೆ ಏಳು ಜನ, ಕೆಳಗೆ ಫ್ಯಾರೋ ಕಡಲು.
ಕೂಗಿದ್ದನ್ನೆಲ್ಲ ಗಾಳಿ ತಿನ್ನುತ್ತಿತ್ತು; ಅದಕ್ಕೇ
ಹಗ್ಗವೇ ನಮ್ಮ ನಾಲಿಗೆ.
ಒಂದೆಳೆತ, ಸಡಿಲ ಬಿಡಿ.
ಎರಡೆಳೆತ, ಮೇಲಕ್ಕೆತ್ತಿ.
ಮೂರೆಳೆತ ಏನೆಂದು ಯಾರೂ ಹೇಳಿಕೊಡಲಿಲ್ಲ,
ಎಲ್ಲರಿಗೂ ಗೊತ್ತಿತ್ತು.

ಲೊಮ್ವಿ ಹಕ್ಕಿಗೆ ಗೂಡಿಲ್ಲ.
ಬರಿಗಲ್ಲ ಅಂಚಿನ ಮೇಲೆ ಒಂದೇ ಮೊಟ್ಟೆ,
ಬುಗುರಿಯಂತೆ ಒಂದು ತುದಿ ಚೂಪು;
ಇದು ನೀಲಿ, ಪಕ್ಕದ್ದು ಕೆನೆ,
ಅದರಾಚೆಯದು ಮಸಿ ಚೆಲ್ಲಿದ ಹಸಿರು.
ತಡವಾಗಿ ಇಳಿದ ಒಂದು ವರ್ಷ
ಎತ್ತಿಕೊಂಡ ಮೊಟ್ಟೆ ಅಂಗೈಯಲ್ಲಿ ಮಾತಾಡಿತು.
ಕೂದಲೆಳೆಯ ಬಿರುಕು. ಒಳಗಿನಿಂದ ಒಂದು ಚೂಪು ದನಿ,
ಎರಡು ಮೊಳ ದೂರದಿಂದ ಅದಕ್ಕೊಂದು ಒರಟು ಉತ್ತರ.
ಮುಖ ಕಾಣದ ಇಬ್ಬರು
ಆಗಲೇ ಜಗಳವಾಡುವಷ್ಟು ಪರಿಚಿತರು.
ಮೊಟ್ಟೆ ಹಿಂದಕ್ಕಿಟ್ಟೆ.
ಕರುಣೆಯೇನಲ್ಲ. ಇಬ್ಬರ ಮಾತಿನ ನಡುವೆ
ಬಾಯಿ ಹಾಕಬಾರದೆಂದು ಅಮ್ಮ ಕಲಿಸಿದ್ದಳು.
ಬೇರೆ ಅಂಚಿನವನ್ನು ಬೇಯಿಸಿ ತಿಂದೆವು, ಅದನ್ನೂ ಹೇಳಬೇಕು.

ಜುಲೈ. ಕತ್ತಲಾಗಿಯೂ ಆಗದ ರಾತ್ರಿ ಹನ್ನೊಂದು.
ಮೊಮ್ಮಗಳು ರಾನ್ವಾ ನನ್ನನ್ನು ಬಂಡೆಯಡಿಗೆ ಹೊರಡಿಸಿದಳು.
ಅವಳ ಕೈಯಲ್ಲಿ ಸದ್ದನ್ನು ಚಿತ್ರ ಮಾಡುವ ಯಂತ್ರ:
ಅಪ್ಪ ಅಂದರೆ ಅಡಿಯಲ್ಲಿ ಹಾಸಿದ ಕಪ್ಪು ಕಂಬಳಿ,
ಮರಿ ಅಂದರೆ ಮೇಲೊಂದು ಸೂಜಿ ಹೊಲಿಗೆ.
"ನೋಡು ಅಜ್ಜ."
ನೋಡಿದೆ. ಕನ್ನಡಕ ತಂದಿರಲಿಲ್ಲ.

ಮೂರು ವಾರದ ಮರಿಗಳು. ರೆಕ್ಕೆ ಇನ್ನೂ ರೆಕ್ಕೆಯಲ್ಲ.
ತಾಯಿ ಅಂಚಿನಲ್ಲೇ ಉಳಿಯುತ್ತಾಳೆ.
ಅಪ್ಪ ನೀರಿಗಿಳಿದು ಕರೆಯುತ್ತಾನೆ: ಅರ್ರ್, ಅರ್ರ್ರ್.
ಸಾವಿರ ಅಪ್ಪಂದಿರು, ಒಂದೇ ಶಬ್ದ;
ನನ್ನ ಲೆಕ್ಕಕ್ಕೆ. ಅವರವರ ಲೆಕ್ಕಕ್ಕಲ್ಲ.
ಅಷ್ಟು ಕೇಳಿಸುತ್ತಿತ್ತು ನನಗೆ,
ಎದೆಗೂಡಿನಲ್ಲಿ ಗರಗಸ ಎಳೆದಂತೆ.
ಮೇಲಿನಿಂದ ಬರುವ ಉತ್ತರ ಮಾತ್ರ ಇಲ್ಲ.
ಪರರ ಫೋನಿನ ಪಕ್ಕ ಕೂತವನ ಪಾಡು.

ರಾನ್ವಾ ಅರಿತಳೋ, ಬರೀ ಚಳಿಯೋ,
ನನ್ನ ತೋಳು ಹಿಡಿದಳು.
ಮರಿಯೊಂದು ಕೂಗಿದಾಗ ಒಂದೆಳೆತ.
ಆಮೇಲೆ ಅರ್ರ್.
ಎಳೆತ. ಅರ್ರ್. ಎಳೆತ, ಎಳೆತ.
ಉಣ್ಣೆಯ ತೋಳು ಜಗ್ಗಿ ಜಗ್ಗಿ ಕಿವಿಯಾಯಿತು.
ಬಿತ್ತು ಒಂದು, ಮುಷ್ಟಿಯಷ್ಟು ನಯಕೂದಲು,
ಕಲ್ಲಿಗೆ ತಾಗಿ ಪುಟಿದು ನೀರಿಗೆ.
ಎಳೆತ ಬಿಡುವಿಲ್ಲದೆ ಬಂತು. ಅರ್ರ್ ಹತ್ತಿರವಾಯಿತು.
ಮತ್ತೆ ಎರಡೂ ಒಟ್ಟಿಗೇ ನಿಂತವು.
"ಸಿಕ್ಕಿದರು" ಎಂದೆ, ಅವಳು ಹೇಳುವ ಮೊದಲೇ.
ಸಿಕ್ಕಿದವರಿಗೇಕೆ ಕೂಗು.

ಜೋಡಿ ಜೋಡಿಯಾಗಿ ಹೊರಟರು ತೆರೆದ ಕಡಲಿಗೆ,
ಅಪ್ಪ ಮುಂದೆ, ಗೇಣು ಹಿಂದೆ ಮರಿ,
ಅದರ ಹಿಂದೆ ಯಾರೂ ಇಲ್ಲ.
ಹನ್ನೆರಡೂವರೆ. ನೀರು ಖಾಲಿ.
ಒಬ್ಬ ಮಾತ್ರ ಬಂಡೆಯ ನೆರಳಲ್ಲಿ ಸುತ್ತುತ್ತ
ಅರ್ರ್ ಅನ್ನುತ್ತಲೇ ಇದ್ದ.
ಮೇಲೆ ಗಲ್ಲುಹಕ್ಕಿಯೊಂದು ಹೊಟ್ಟೆ ತುಂಬಿದಂತೆ ತೇಲಿತು,
ಇರಬಹುದು, ಇಲ್ಲದಿರಬಹುದು.
ರಾನ್ವಾಳ ಕೈ ನನ್ನ ತೋಳ ಮೇಲೇ ಇತ್ತು.
ಎಳೆಯಲಿಲ್ಲ.
ಫ್ಲಾಸ್ಕಿನ ಕಾಫಿ ತಣ್ಣಗಾಯಿತು.
ನಾನು ಇಂಜಿನ್ನು ಹಚ್ಚಲಿಲ್ಲ.