ಹುಣಸೆ ಚಿಗುರಿನ ಬಣ್ಣ

ಯುಗಾದಿಗೆ ಇನ್ನೂ ಹದಿನೈದು ದಿನ.
ಹಣ್ಣು ಬಡಿದು ಹೋದವರ ಗಳದ ಗಾಯ ಆರಿಲ್ಲ,
ಕೊಂಡ್ಲಹಳ್ಳಿ ರಸ್ತೆಯ ಹುಣಸೆಗಳಿಗೆ ಆಗಲೇ
ಸಣ್ಣ ಸಣ್ಣ ನಾಲಿಗೆ ಮೂಡಿವೆ.
ಕೆಂಪು ಅನ್ನುವಂತಿಲ್ಲ, ಹಸಿರಂತೂ ಅಲ್ಲ,
ಬಿಸಿಲಿಗೆ ಹಿಡಿದರೆ ಒಂದು,
ನೆರಳಿಗೆ ತಿರುಗಿಸಿದರೆ ಇನ್ನೊಂದು.

ಬೋರಕ್ಕ ಈಗ ಮರ ಹತ್ತುವುದಿಲ್ಲ, ಮಂಡಿ ಕೈಕೊಟ್ಟಿದೆ.
ಕೊಕ್ಕೆಗೋಲಲ್ಲಿ ಕೊಂಬೆ ಬಾಗಿಸಿ ನನ್ನ ಕೈಗೆ ಕೊಡುತ್ತಾಳೆ
ತುಂಟ ಕರುವಿನ ಹಗ್ಗ ಕೊಟ್ಟ ಹಾಗೆ:
"ಗಟ್ಟಿ ಹಿಡ್ಕ. ಬಿಟ್ರೆ ಮುಖಕ್ಕೇ ಹೊಡೀತೈತೆ."

ಎರಡೇ ಬೆರಳು. ಉಗುರು ತಾಗಬಾರದು.
ಹಿಂದಕ್ಕೆ ಸವರಿದರೆ ತಾನೇ ಕೈಗೆ ಬರಬೇಕು,
ಬರದಿದ್ದರೆ ಬಲಿತಿದೆ ಅಂತ. ಬಿಡು, ಮೇಕೆಗಾಯಿತು.
ಗೂಡಿರುವ ಕೊಂಬೆ ಬಗ್ಗಿಸುವಂತಿಲ್ಲ.
ಮಾತಾಡುತ್ತಾ ಕೀಳಬಾರದು ಅಂದವಳೂ ಅವಳೇ,
ಅವಳ ಬಾಯಿ ನಿಂತದ್ದು ನಾನು ಕಂಡಿಲ್ಲ.

ಬಸರಿ ಚಿಗುರಾದರೆ ಬೇಯಿಸಿ ನೀರು ಬಸಿಯಬೇಕಂತೆ.
ನುಗ್ಗೆ ಹೂವನ್ನು ಮೊರದಲ್ಲಿ ಹರವಿ
ಇರುವೆಗಳು ತಮ್ಮ ಸಂಸಾರ ಎತ್ತಿಕೊಂಡು ಹೋಗುವ ತನಕ ಕಾಯಬೇಕಂತೆ.
ಇಪ್ಪೆ ಹೂವಿಗೆ ಮಾತ್ರ ಕೋಳಿ ಕೂಗುವ ಮುಂಚೆ,
ಕರಡಿಗಿಂತ ಮುಂಚೆ ಹೋಗಬೇಕು.
ಅವಳಪ್ಪ ಒಮ್ಮೆ ಕರಡಿ ಆದಮೇಲೆ ಹೋಗಿದ್ದನಂತೆ.
ಏನಾಯಿತು ಅಂದರೆ ಹೇಳುವುದಿಲ್ಲ, ನಗುತ್ತಾಳೆ.

ಮರಗಳ ಹರಾಜು ಹಿಡಿದ ತಿಪ್ಪೇಶಿ ಬೈಕ್ ನಿಲ್ಲಿಸಿದ.
"ಚಿಗುರೇ ಹೂವು, ಹೂವೇ ಕಾಯಿ.
ನನ್ನ ದುಡ್ಡು ಕಿತ್ತು ಸೆರಗಿಗೆ ತುಂಬ್ಕಂತಿದೀರಲ್ಲ!"
"ನೀ ಕೂಗಿದ್ದು ಹಣ್ಣಿಗಪ್ಪಾ,
ಎಲೆ ಯಾವ ಸಾಲಲ್ಲಿ ಬರ್ದೈತೆ, ತೋರ್ಸು."
ಕಾಗದ ಮನೆಯಲ್ಲಿತ್ತು. ಅಷ್ಟರಲ್ಲಿ ಅವನ ಫೋನೂ ಕೂಗಿತು.

ಆಗಲೇ ನನಗೆ ಆಸೆ ಹುಟ್ಟಿದ್ದು.
ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ,
ಇಪ್ಪತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವಳು,
ಇದೊಂದನ್ನು ನೇಯಲಾರೆನೇ?
ಬೋರಕ್ಕ ಅಂದಳು, "ತಿನ್ನೋದನ್ನ ಯಾರಾರ ಉಡ್ತಾರೇನೇ?"

ಒದ್ದೆ ಬಟ್ಟೆಯಲ್ಲಿ ಒಂದು ರೆಂಬೆ ಸುತ್ತಿ
ಒಂಬತ್ತೂವರೆ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದೆ.
ಬಣ್ಣದ ಖಾದರವಲಿ ಬಿಚ್ಚಿ ನೋಡಿದರು,
ಕನ್ನಡಕ ಹಾಕಿ ನೋಡಿದರು.
ಬಸ್ಸಿನ ಸೆಕೆಗೆ ಎಲೆ ಕೈಮುಗಿದು ಮಲಗಿತ್ತು.
"ಇದು ಸೊಪ್ಪಮ್ಮ."
"ಬೆಳಿಗ್ಗೆ ಬೇರೆ ಇತ್ತು."
"ನಿಂತ ಬಣ್ಣ ತಾ, ಅದ್ದಿ ಕೊಡ್ತೀನಿ.
ಓಡೋ ಬಣ್ಣಕ್ಕೆ ನನ್ನ ಹತ್ರ ಬಾಂಡ್ಲಿ ಇಲ್ಲ."
ಹೊರಟಾಗ ಹಿಂದಿನಿಂದ ಕರೆದರು:
"ಸೊಪ್ಪು ಇಲ್ಲೇ ಬಿಟ್ಟು ಹೋಗು. ಮನೇಲಿವತ್ತು ಕೈಮಾ."

ಇದ್ದ ಕೆಂಪು, ಇದ್ದ ಹಸಿರು ತಂದೆ.
ಉಗುರ ಸಂದಿನ ಹುಳಿ ಹೋಗಲೆಂದು
ಮೂರು ಸಲ ಕೈ ತೊಳೆದು ಎಳೆ ಮುಟ್ಟಿದೆ.
ನಾಲ್ಕು ಬೆರಳು ನೇಯ್ದು ನೋಡಿದರೆ
ಚಿಗುರೆಲ್ಲಿದೆ? ಯಾರದೋ ಮದುವೆ, ಅಷ್ಟೆ.

ಒಳಗೆ ಒರಳಲ್ಲಿ ಒಣಮೆಣಸು, ಶೇಂಗಾ, ಬೆಳ್ಳುಳ್ಳಿ;
ಮೇಲೆ ಉಳಿದ ಚಿಗುರು ಬಿದ್ದ ಸದ್ದು ಮೆತ್ತಗೆ.
ಕೈ ಒರೆಸಿಕೊಂಡು ಬೋರಕ್ಕ ಬಂದಳು, ಬಗ್ಗಿದಳು,
ನೇಯ್ದಷ್ಟರ ಮೇಲೆ ಎರಡೇ ಬೆರಳಿಟ್ಟು
ಹಿಂದಕ್ಕೆ ಸವರಿದಳು.

"ಬಲ್ತೈತೆ," ಅಂದಳು. "ಬಿಡು. ಮುದ್ದೆ ಆರ್ತೈತೆ."